ಗಾಳಿ ಸೋಕದ ಹಾಗೆ

ನರಸಿಂಹಮ್ಮ ಚೀಲದಿಂದ ತೆಗೆದು ಮೇಜಿನ ಮೇಲಿಟ್ಟ ಹಳೆಯ ನಾಟಕದ ಕರಪತ್ರ ಟ್ಯೂಬ್‌ಲೈಟಿನ ಬೆಳಕಿಗೆ ಫಳಫಳ ಹೊಳೆಯಿತು. ಹಳೆಯ ಕಾಗದಪತ್ರಗಳನ್ನು ಆರಿಸಿ, ಜೋಡಿಸಿ, ಕಾಪಾಡುವ ಕೆಲಸ ಕಲಿಯಲು ತುಮಕೂರಿನ ಸಂಗ್ರಹಾಲಯಕ್ಕೆ ಹೊಸದಾಗಿ ಸೇರಿದ್ದ ಮುಬಶ್ಶಿರಾ ಅದನ್ನು ತಟ್ಟನೆ ಕೈಗೆತ್ತಿಕೊಂಡಳು.

“ಲ್ಯಾಮಿನೇಷನ್ ಮಾಡಿಸ್ದೆ ಕಣಮ್ಮ. ಗುಬ್ಬಿಗೆ ನಮ್ಮನೆಗೆ ಬಂದಾಗ ನೀನೇ ಹೇಳಿದ್ಯಲ್ಲ, ಕೈಬೆವರು ತಾಗ್ಬಾರ್ದು, ಗಾಳಿ ಧೂಳು ಸೋಕ್ಬಾರ್ದು ಅಂತ.”

ಹೇಳಿದ್ದೇನೋ ನಿಜ. ಲ್ಯಾಮಿನೇಷನ್ ಮಾತ್ರ ಮಾಡಿಸಬೇಡಿ ಎನ್ನಲು ಆಗ ತೋಚಿರಲಿಲ್ಲ. ನರಸಿಂಹಮ್ಮನ ಅಪ್ಪ ಸ್ತ್ರೀಪಾತ್ರಕ್ಕೆ ಹೆಸರಾಗಿದ್ದವರು; ಅವರ ಹೆಸರು ಹೊತ್ತ ಆ ಗುಲಾಬಿ ಹಾಳೆ ಬಿಸಿಗೆ ಪ್ಲಾಸ್ಟಿಕ್ಕಿಗೆ ಕಚ್ಚಿಕೊಂಡಿತ್ತು. ಬಿಡಿಸಹೋದರೆ ಅಕ್ಷರವೂ ಕಿತ್ತುಬರುತ್ತದೆ, ಹಾಗೇ ಬಿಟ್ಟರೆ ಒಳಗೊಳಗೇ ಪುಡಿಯಾಗುತ್ತದೆ. ಗೊತ್ತಿದ್ದೂ ಮುಬಶ್ಶಿರಾಳ ಉಗುರು ಎಲ್ಲಾದರೂ ಸಂದು ಸಿಕ್ಕೀತೇ ಎಂದು ಅಂಚಿನುದ್ದಕ್ಕೂ ಹುಡುಕಿಕೊಂಡು ಬಂತು.

“ಚೆನ್ನಾಗೈತಲ್ವಾ?”

“ಚೆನ್ನಾಗಿದೆ, ಅಮ್ಮ. ಮನೇಲಿ ಮಿಕ್ಕಿದ್ದು ಹಂಗೇ ಇರ್ಲಿ, ನಾನೇ ಬಂದು ತಗೊಂಡೋಗ್ತೀನಿ.”

ನರಸಿಂಹಮ್ಮ ನಗುತ್ತಾ ಚೀಲವನ್ನು ಮೇಜಿನ ಮೇಲೆ ಬೋರಲು ಹಾಕಿದರು. ಹೊಳೆಯುವ ಹಾಳೆಗಳು ಒಂದರ ಮೇಲೊಂದು ಜಾರಿ ಬಿದ್ದವು.

“ಮಿಕ್ಕಿದ್ದು ಎಲ್ಲೈತೆ? ನೀನು ಅಷ್ಟು ಹೇಳಿದ್ಮೇಲೆ ಒಂದೂ ಬುಟ್ಟಿಲ್ಲ ಕಣಮ್ಮ.”