ಬಾಯಿಬಿಟ್ಟರೆ ಬಣ್ಣಗೇಡು

ಮಗಳ ಮದುವೆಯ ಫೋಟೊದಲ್ಲಿ ಹಲ್ಲು ಕಾಣುವಂತೆ ನಗಬೇಕೆಂದು ಗುರುಶಾಂತಪ್ಪನವರಿಗೆ ಬಲು ಆಸೆ. ಕೆಂಪುಗಟ್ಟಿದ ಹಲ್ಲಿಗೆ ನಿಂಬೆಹಣ್ಣು ತಿಕ್ಕಿದರು, ಇದ್ದಿಲ ಪುಡಿ ತಿಕ್ಕಿದರು. ಒಸಡು ಉರಿಯತೊಡಗಿದಾಗ, ಮನೆಯಲ್ಲಿ ಹೇಳದೆ ಹಲ್ಲಿನ ಡಾಕ್ಟರಮ್ಮನ ಹತ್ತಿರ ಓಡಿದರು.

"ಹುಳಿ, ಇದ್ದಿಲು ಹಾಕಿ ತಿಕ್ಕಿದ್ರೆ ಹಲ್ಲೇ ಸವೆದುಹೋಗುತ್ತೆ ಯಜಮಾನ್ರೇ," ಎಂದು ಆಕೆ ಗದರಿದರು. "ಎರಡು ಹೊತ್ತು ಮೆತ್ತಗೆ ಉಜ್ಜಿ. ಒಂದು ತಿಂಗಳು ಎಲೆಅಡಿಕೆ ಬಿಟ್ಟು ಬನ್ನಿ, ಕ್ಲೀನ್ ಮಾಡ್ತೀನಿ. ಹಾಲಿನ ಬಿಳುಪು ಬರಲ್ಲ, ನಿಮ್ಮ ಹಲ್ಲಿನ ಬಣ್ಣ ನಿಮಗೆ ವಾಪಸ್ ಬರುತ್ತೆ."

ಗುರುಶಾಂತಪ್ಪನವರು ಚಾಚೂ ತಪ್ಪದೆ ಪಾಲಿಸಿದರು. ತಿಂಗಳ ಮೇಲೆ ಕ್ಲೀನ್ ಮಾಡಿಸಿಕೊಂಡವರೇ ನೇರ ಅಡುಗೆಮನೆಗೆ ಬಂದು, ಹೆಂಡತಿ ನೀಲಮ್ಮನ ಮುಂದೆ ಹಲ್ಲು ಕಿರಿದು ನಿಂತರು.

"ಅಯ್ಯೋ, ನೀವೇ ಮದುಮಗನ ಹಾಗೆ ಕಾಣ್ತಿದ್ದೀರಲ್ರೀ! ಹಳೇ ಕಲೆ, ಈ ಜನ್ಮಕ್ಕೆ ಹೋಗಲ್ಲ ಅಂತಿದ್ರಿ, ಹೇಗೆ ಹೋಯ್ತು?"

ಹೊಗಳಿಕೆಗೆ ಅವರು ಉಬ್ಬಿಹೋದರು. "ಏನ್ ಮಹಾ ಕಣೇ, ಒಂದು ತಿಂಗಳಿಂದ ಎಲೆಅಡಿಕೆ ಮುಟ್ಟಿಲ್ಲ, ಅಷ್ಟೇ."

ನೀಲಮ್ಮ ಸೌಟು ಕೆಳಗಿಟ್ಟರು.

"ಹಾಗಾದ್ರೆ ಐದು ವರ್ಷದ ಹಿಂದೆ ನನ್ನ ತಲೆ ಮೇಲೆ ಕೈಯಿಟ್ಟು, ಆಣೆ ಮಾಡಿ ಎಲೆಅಡಿಕೆ ಬಿಟ್ಟಿದ್ದು ಯಾರ್ರೀ?"