ಕಸದ ಬುಟ್ಟಿಗೆ ಬಿದ್ದ ಸಂಬಂಧ

“ಲೇ ಪ್ರದೀಪ, ನಿಜ ಬೊಗಳು. ಹಿರಿಯೂರಿಂದ ಬರೋ ಮೇಲ್‌ಗಳನ್ನ ಎಲ್ಲಿಗೆ ಸಾಗಿಸ್ತಿದೀಯ?”

ಕಂಪ್ಯೂಟರ್ ರಿಪೇರಿಯ ಪ್ರದೀಪನನ್ನು ಶಿವಕುಮಾರಪ್ಪನವರು ಬ್ಯಾಗಿನ ಸಮೇತ ಹಿಡಿದು ತಂದು ತಮ್ಮ ಗೊಬ್ಬರದ ಅಂಗಡಿಯ ಕುರ್ಚಿಗೆ ಕುಕ್ಕಿದ್ದರು. ಅವರ ದನಿ ಏರಿತೆಂದರೆ ಹೊಸದುರ್ಗದ ಪೇಟೆಯಲ್ಲಿ ಎದುರು ಹೋಟೆಲಿನ ದೋಸೆ ಹುಯ್ಯುವವನೂ ಕೈ ತಡೆಯುತ್ತಿದ್ದ. ಪ್ರದೀಪ ಬ್ಯಾಗನ್ನು ತೊಡೆಯ ಮೇಲಕ್ಕೆ ಎಳೆದುಕೊಂಡ.

“ನಾನ್ಯಾಕೆ ಸಾಗಿಸ್ಲಿ ಸಾರ್?”

ಯಾಕೆ ಅನ್ನುವುದಕ್ಕೆ ಶಿವಕುಮಾರಪ್ಪನವರ ಬಳಿ ಉತ್ತರ ಸಿದ್ಧವಿತ್ತು. ಮಗಳು ದಿವ್ಯಾ ಟೀ ತಂದಾಗಲೆಲ್ಲ ಈ ಪುಣ್ಯಾತ್ಮನ ಕೈಯಲ್ಲಿ ಸ್ಕ್ರೂಡ್ರೈವರ್ ನಿಲ್ಲುತ್ತಿರಲಿಲ್ಲ. ಹೆತ್ತ ತಂದೆಗೆ ಕಣ್ಣಿಲ್ಲವೇ?

ವಿಷಯ ಇಷ್ಟೇ. ಹಿರಿಯೂರಿನ ಔಷಧಿ ಅಂಗಡಿಯ ಬಸವೇಶ್ ಬಂದು ದಿವ್ಯಾಳನ್ನು ನೋಡಿಕೊಂಡು ಹೋಗಿದ್ದ. ಬಂಗಾರದಂಥ ಹುಡುಗ. ಉಪ್ಪಿಟ್ಟಿಗೆ ಉಪ್ಪು ಕಮ್ಮಿಯಾಗಿದ್ದರೂ ಸೊಲ್ಲೆತ್ತದೆ ಎರಡನೇ ಸಲ ಹಾಕಿಸಿಕೊಂಡು ತಿಂದವನು. ಅವತ್ತಿನಿಂದ ದಿವ್ಯಾ ಸುಮ್ಮಸುಮ್ಮನೆ ನಗುತ್ತಿದ್ದಳು. ಹುಡುಗನ ತಂದೆ ಆ ವರ್ಷ, ಎರಡು ಸಾವಿರದ ಆರರಲ್ಲಿ, ಹೊಸದಾಗಿ ಕಂಪ್ಯೂಟರ್ ಕೊಂಡಿದ್ದರು. “ಈಗೇನಿದ್ರೂ ಮೇಲ್‌ನಾಗೇ ನಮ್ಮ ವ್ಯವಹಾರ” ಎಂದು ಹೆಗಲ ಮೇಲಿನ ಟವಲ್ಲು ಕೊಡವಿದ್ದರು. ಶಿವಕುಮಾರಪ್ಪನವರು ಬಿಟ್ಟಾರೆಯೇ? “ನಮ್ಮ ಅಂಗಡ್ಯಾಗೂ ಐತೆ, ಕಳಿಸ್ರಿ” ಎಂದಿದ್ದರು.

ಮೊದಲನೇ ಮೇಲ್ ಮಾರನೆಯ ದಿನವೇ ಬಂತು. ‘ಹುಡುಗಿ ಒಪ್ಪಿಗೆಯಾಗಿದ್ದಾಳೆ. ಮಾತುಕತೆಯ ದಿನ ತಿಳಿಸುತ್ತೇವೆ.’ ಶಿವಕುಮಾರಪ್ಪನವರು ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು ಬಂದು, ಒಬ್ಬರೇ ಕೂತು ಅದನ್ನು ಮತ್ತೆ ಮತ್ತೆ ಓದಿ, ಮಾಡಬೇಕಾದ ಮರ್ಯಾದೆಯನ್ನೆಲ್ಲ ಮಾಡಿ ಎದ್ದಿದ್ದರು. ಆಮೇಲೆ ಹಿರಿಯೂರಿನ ಕಡೆಯಿಂದ ಉಸಿರೇ ಇಲ್ಲ. ಗೊಬ್ಬರದ ಕಂಪನಿಯವರ ಮೇಲ್‌ಗಳು ದಂಡಿಯಾಗಿ ಬಂದವು. ಬೀಗರದು ಒಂದೂ ಇಲ್ಲ.

“ಒಂದು ಫೋನ್ ಮಾಡಿದ್ರೆ ನಿಮ್ಮ ಗಂಟೇನು ಹೋಗುತ್ತೆ?” ಎಂದು ಹೆಂಡತಿ ವೀರಮ್ಮ ದಿನಾ ಚುಚ್ಚಿದರು.

“ಹೆಣ್ಣಿನ ಕಡೆಯೋರು ನಾವಾಗೇ ಮೈಮೇಲೆ ಬೀಳಾಕಾಗುತ್ತೇನೆ?”

ಆದರೆ ದಿವ್ಯಾಳ ನಗು ನಿಂತುಹೋಗಿತ್ತು. ಊಟಕ್ಕೆ ಕೂತವಳು ಅನ್ನ ಕಲಸುತ್ತಲೇ ಇರುತ್ತಿದ್ದಳು. ಅದನ್ನು ನೋಡಿ ಶಿವಕುಮಾರಪ್ಪನವರು ಅರ್ಧ ಊಟಕ್ಕೇ ಕೈ ತೊಳೆದು ಏಳುತ್ತಿದ್ದರು. ಇದ್ದೊಬ್ಬ ಮಗಳು, ಪಾಪ.

ಪ್ರದೀಪ ಮೌಸ್ ಹಿಡಿದು ಅಲ್ಲಿ ಇಲ್ಲಿ ತಡಕಾಡಿದ. ಅಷ್ಟರಲ್ಲಿ ಅಂಗಡಿಯ ಹಿಂದಿನ ಮನೆಯಿಂದ ದಿವ್ಯಾ ಟೀ ಹಿಡಿದು ಬಂದಳು.

“ಸಿಕ್ತು ಸಾರ್! ಬ್ಯಾಡದ ಮೇಲ್ ಬಂದ್ರೆ ಇದು ತಾನೇ ಆರಿಸಿ ಕಸದ ಬುಟ್ಟಿಗೆ ಹಾಕುತ್ತೆ. ನಿಮ್ಮ ಬೀಗರವು ಅಷ್ಟೂ ಅಲ್ಲೇ ಬಿದ್ದವೆ.”

ನಿಜ. ಬುಟ್ಟಿಯೊಳಗೆ ವಿದೇಶದ ಲಾಟರಿ, ಬೊಕ್ಕತಲೆಗೆ ಕೂದಲು ಬೆಳೆಸುವ ಎಣ್ಣೆ, ಯಾವನೋ ರಾಜಕುಮಾರನ ಆಸ್ತಿ. ಇವುಗಳ ನಡುವೆ ಹಿರಿಯೂರಿನ ಮರ್ಯಾದಸ್ಥ ಬೀಗರು!

“ಬೀಗರನ್ನ ತಿಪ್ಪೆಗೆ ಹಾಕೈತಲ್ಲೋ! ಅವರು ಬ್ಯಾಡ ಅಂತ ಇದಕ್ಕೆ ಹೇಳಿದ್ದು ಯಾವನು?”

ಪ್ರದೀಪ ಮೌಸ್ ಬಿಟ್ಟು ಕುರ್ಚಿಯನ್ನು ಹಿಂದಕ್ಕೆ ಸರಿಸಿದ. “ಇದು ಹೇಳಿಕೊಟ್ಟಂಗೆ ಕಲಿಯೋ ಮಿಷನ್ನು ಸಾರ್. ಯಾರೋ ಇಲ್ಲಿ ಕುಂತು, ಇವರದು ಕಸ ಅಂತ ಒಂದ್ಸಲ ತೋರಿಸಿಕೊಟ್ಟವ್ರೆ. ಆಮೇಲೆ ಬಂದಿದ್ದನ್ನೆಲ್ಲ ಅದೇ ನುಂಗೈತೆ.”

“ಯಾರು?”

ಪ್ರದೀಪ ದಿವ್ಯಾಳ ಕಡೆ ನೋಡಿದ. ದಿವ್ಯಾ ನೆಲ ನೋಡಿದಳು. ಶಿವಕುಮಾರಪ್ಪನವರು ಮಗಳ ಕೈಯಿಂದ ಟೀ ಲೋಟ ತೆಗೆದು ಮೇಜಿನ ಮೇಲಿಟ್ಟರು. ಮನೆಯಲ್ಲಿ ಕಂಪ್ಯೂಟರ್ ಕ್ಲಾಸಿಗೆ ಹೋಗಿ ಬಂದವಳು ಅವಳೊಬ್ಬಳೇ.

“ಹುಡುಗ ಬ್ಯಾಡಾಗಿದ್ರೆ ಬಾಯಿಬಿಟ್ಟು ಹೇಳ್ಬೇಕಿತ್ತವ್ವ. ಹಿಂಗೆ ಕದ್ದುಮುಚ್ಚಿ ಮಾಡಾದಾ?”

“ನಾನ್ಯಾಕಪ್ಪಾ ಮಾಡ್ಲಿ?” ದಿವ್ಯಾ ಅಂಗಡಿ ಅನ್ನುವುದನ್ನೂ ಮರೆತು ಅತ್ತುಬಿಟ್ಟಳು. “ನಂಗೆ ಅವರೇ ಬೇಕು.”

ಪ್ರದೀಪನ ಮುಖ ಸಪ್ಪಗಾಯಿತು. ಆದರೂ ಕೊನೆಯ ಮೇಲ್ ತೆರೆದು ಗಟ್ಟಿಯಾಗಿ ಓದಿದ: ‘ಮೂರು ಸಲ ಬರೆದರೂ ಉತ್ತರವಿಲ್ಲ. ಸೋಮವಾರ ಸಂಜೆಯೊಳಗೆ ತಿಳಿಸದಿದ್ದರೆ ನಿಮಗೆ ಮನಸ್ಸಿಲ್ಲವೆಂದು ಭಾವಿಸಿ, ಮಾಡದಕೆರೆಯ ಹುಡುಗಿಯನ್ನು ನೋಡಲು ಹೊರಡುತ್ತೇವೆ.’

ಅವತ್ತೇ ಸೋಮವಾರ. ಹೊತ್ತು ಇಳಿಯುತ್ತಿತ್ತು.

ಹೆಣ್ಣಿನ ಕಡೆಯವರ ಬಿಗುಮಾನ ಎಲ್ಲಿ ಹೋಯಿತೋ! ಶಿವಕುಮಾರಪ್ಪನವರು ಫೋನಿಗೆ ಹಾರಿದರು. “ಬೀಗರೇ, ತಪ್ಪು ತಿಳ್ಕಬ್ಯಾಡ್ರಿ! ಮಿಷನ್ನು ಕೈಕೊಡ್ತು. ನಮಗೆ ನೂರಕ್ಕೆ ನೂರು ಒಪ್ಪಿಗೆ. ಮಾಡದಕೆರೆ ಕಡೆ ತಿರುಗಿ ನೋಡಬ್ಯಾಡ್ರಿ, ಸೀದಾ ಇಲ್ಲಿಗೇ ಬರ್ರಿ!”

ಆ ಕಡೆಯಿಂದ ಜೋರಾಗಿ ನಗು ಕೇಳಿಸಿತು. ಗುರುವಾರ ಮಾತುಕತೆ ಎಂದು ನಿಶ್ಚಯವಾಯಿತು. ದಿವ್ಯಾ ಕಣ್ಣೊರೆಸಿಕೊಂಡು ಒಳಗೆ ಓಡಿದಳು. ವೀರಮ್ಮ ಸಕ್ಕರೆ ಡಬ್ಬಿಯನ್ನೇ ಹಿಡಿದು ಅಂಗಡಿಗೆ ಬಂದು ಪ್ರದೀಪನ ಬಾಯಿಗೂ ಒಂದು ಹಿಡಿ ತುರುಕಿದರು.

ಅವನು ಬೀಗರ ಮೇಲ್‌ಗಳನ್ನು ಬುಟ್ಟಿಯಿಂದ ಎತ್ತಿ ಸ್ವಸ್ಥಾನಕ್ಕೆ ತಂದಿಟ್ಟ. “ಇವು ಕಸ ಅಲ್ಲ ಅಂತ ಇದಕ್ಕೆ ಬುದ್ಧಿ ಹೇಳಿದೀನಿ ಸಾರ್. ಇನ್ನು ಎಲ್ಲಿಗೂ ಹೋಗಲ್ಲ.”

“ಭೇಷ್! ನಿನ್ನ ಮೇಲೆ ಅನುಮಾನ ಪಟ್ನಲ್ಲಪ್ಪ, ಮನಸ್ಸಿನಾಗೆ ಇಟ್ಕಬ್ಯಾಡ. ಆದ್ರೆ ಈ ಕೆಲಸ ಮಾಡಿದ ಮನೆಹಾಳ ಸಿಕ್ಕಲಿ, ಚರ್ಮ ಸುಲೀತೀನಿ!” ಎಂದ ಶಿವಕುಮಾರಪ್ಪನವರು ಚಪ್ಪಲಿ ಕಳಚಿ, ಅವನನ್ನು ಎಬ್ಬಿಸಿ ಕುರ್ಚಿಗೆ ಕೂತು, ಸಾಲಾಗಿ ನಿಂತ ಬೀಗರ ಮೇಲ್‌ಗಳಿಗೆ ಕೈಮುಗಿದರು. ಆಮೇಲೆ ಒಂದೊಂದರ ಪಕ್ಕದಲ್ಲಿದ್ದ ಪುಟ್ಟ ಗುರುತಿನ ಮೇಲೂ ಭಕ್ತಿಯಿಂದ ಮೌಸ್ ಒತ್ತುತ್ತ ಬಂದರು.

ಪ್ರದೀಪನಿಗೆ ಬಾಯಲ್ಲಿದ್ದ ಸಕ್ಕರೆ ಗಂಟಲಿಗೆ ಹತ್ತಿತು. “ಅಯ್ಯೋ, ಏನ್ ಮಾಡ್ತಿದೀರಿ ಸಾರ್? ಆ ಉರಿ ಗುರುತು ಒತ್ತಿದ್ರೆ ಇದು ಕಸ ಅಂತ ಅರ್ಥ!”

“ಬಿಡ್ತು ಅನ್ನೋ, ಅದು ದೀಪ! ಶುಭ ಸಮಾಚಾರ ಬಂದ್ರೆ ಹಚ್ಚಬ್ಯಾಡ್ವಾ? ಮೊದಲ್ನೇದಕ್ಕೂ ನಾನೇ ಹಚ್ಚಿದ್ದು!”