ಎರಡನೆಯ ಅಕ್ಷರ

ಹಾಡಿನ ಸಾಲುಗಳ ಕೊನೆ ಒಂದಕ್ಕೊಂದು ಹೊಂದಿದರೆ ನನ್ನ ಪ್ರಾಸಮಾಪಕ ಯಂತ್ರ ಕಿರುಚುತ್ತದೆ, ನಾನು ಮೈಕು ಜಪ್ತಿ ಮಾಡುತ್ತೇನೆ. ಪ್ರಾಸವಿದ್ದದ್ದು ಜನರ ಬಾಯಿಗೆ ಹತ್ತುತ್ತದೆಂದು ಸರ್ಕಾರಕ್ಕೆ ಭಯ. ಎಷ್ಟೋ ರ‍್ಯಾಪರ್‌ಗಳು ನನ್ನಿಂದ ಬಾಯಿ ಮುಚ್ಚಿದ್ದಾರೆ. ದಸ್ತಗೀರ ಮತ್ತು ಶಾವಂತ್ರಿಯ ಜೋಡಿ ಮಾತ್ರ ಹನ್ನೊಂದು ವರ್ಷದಿಂದ ಹುಬ್ಬಳ್ಳಿಯ ನೆಲಮಾಳಿಗೆಗಳಲ್ಲಿ ಹಾಡುತ್ತಲೇ ಇದೆ.

ಈ ರವಿವಾರ ಮಧ್ಯಾಹ್ನ ಅವರೆದುರೇ ಹೋಗಿ ಕುಳಿತೆ.

"ಯಂತ್ರ ಹಚ್ರಿ ಸಾಹೇಬ್ರ," ಎಂದು ಶಾವಂತ್ರಿ ನಕ್ಕಳು. ಇಬ್ಬರೂ ಶುರು ಮಾಡಿದರು.

"ಹಳ್ಳದ ನೀರೆಲ್ಲ ಕೆಂಪು,
ಮಳ್ಳ ಸರಕಾರ ಮಲಗೇತಿ,
ಸುಳ್ಳು ನಗತೈತಿ ಪೇಪರಿನ್ಯಾಗ,
ಕಳ್ಳಗ ಕುರ್ಚಿ ಹಾಕ್ಯಾರ ನೋಡೋ!"

ಜನ ಕುಣಿದರು, ಯಂತ್ರ ಸುಮ್ಮನಿತ್ತು. ನನ್ನ ಕಿವಿಗಳು ಮಾತ್ರ ನೆಟ್ಟಗಾದವು. ಹಳ್ಳ, ಮಳ್ಳ, ಸುಳ್ಳು, ಕಳ್ಳ. ಯಂತ್ರ ಸಾಲಿನ ಬಾಲ ಕಾಯುತ್ತಿದ್ದರೆ ಪ್ರಾಸ ತಲೆಯಲ್ಲಿತ್ತು, ಎರಡನೆಯ ಅಕ್ಷರದಲ್ಲಿ, ಹಳಗನ್ನಡದ ಕವಿಗಳು ಇಡುತ್ತಿದ್ದ ಜಾಗದಲ್ಲೇ.

"ಯಾರು ಕಲಿಸಿದ್ರಿದನ್ನ?" ಎಂದು ಕೇಳಿದೆ.

"ಕನ್ನಡ ಮಾಸ್ತರ್ರೀ," ಎಂದ ದಸ್ತಗೀರ. "ಪ್ರಾಸ ತಪ್ಪಿದ್ರ ಬೆಂಚಿನ ಮ್ಯಾಲ ನಿಂದರಸ್ತಿದ್ರು."

ನನ್ನನ್ನೂ ನಿಲ್ಲಿಸಿದ್ದರು. ಅಲ್ಲೇ ಕುಳಿತು ವರದಿ ಬರೆದೆ:

"ಎಲ್ಲ ಹಾಡನ್ನೂ ಕೇಳಿದ್ದೇನೆ.
ಸೊಲ್ಲು ಸೊಲ್ಲಿಗೂ ಯಂತ್ರ ಹಿಡಿದಾಯಿತು.
ಎಲ್ಲಿಯೂ ಪ್ರಾಸ ಕಂಡುಬರಲಿಲ್ಲ."